ಗೀರು ಗೋಡೆಯ ಕಡೆಗೆ

ಫೆಬ್ರವರಿ 3, ಸೋಮವಾರ

ಈ ನೋಟ್‌ಪುಸ್ತಕ ಬೇಕೆಂದು ಕೊಂಡದ್ದಲ್ಲ. ಹೆಂಡತಿಗೆ ದಿನದ ಕೆಲಸ ಬರೆದಿಟ್ಟುಕೊಳ್ಳಲು ಒಂದು ಪುಸ್ತಕ ಬೇಕೆಂದು ಮೇಷ್ಟ್ರಮ್ಮ ಹೇಳಿದ್ದರು. ಎರಡು ಕೊಂಡರೆ ಕಾಲು ಭಾಗ ಕಡಿಮೆ ಎಂದು ಅಂಗಡಿಯವನು ಹೇಳಿದ. ಮಿಕ್ಕದ್ದು ದಂಡವಾಗಬಾರದಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಶಟರ್ ಇಳಿಸಿದ ಮೇಲಿನ ಅರ್ಧ ಗಂಟೆಯಲ್ಲಿ ಹೇಗೂ ಗಿರಾಕಿ ಬರುವುದಿಲ್ಲ.

ನಾಳೆ ಸರ್ಕಾರದ ಕಡೆಯಿಂದ ಮೌಲ್ಯಮಾಪಕಿ ಮನೆಗೆ ಬರುತ್ತಾರೆ. ಮೆದುಳಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆಂದು ರಾಜ್ಯ ಒಂದು ನಿಧಿ ಇಟ್ಟಿದೆ. ಸಿಗ್ನಲ್ ಹಾರಿದವರು, ಬೆಲ್ಟ್ ಹಾಕದವರು ಕಟ್ಟುವ ದಂಡದಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಆ ದುಡ್ಡಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮೇಷ್ಟ್ರಮ್ಮ ನಮ್ಮ ಮನೆಗೆ ಬರುತ್ತಾರೆ. ಅವರ ಹುದ್ದೆಯ ಹೆಸರು ಏನೋ ಉದ್ದಕ್ಕಿದೆ. ಗ್ಯಾಸ್ ಹಚ್ಚುವುದು, ನೆನಪಿಟ್ಟು ಆರಿಸುವುದು, ರಸ್ತೆ ದಾಟುವುದು, ಬಸ್ಸು ಹತ್ತುವುದು ಇಷ್ಟನ್ನೂ ಐವತ್ತೆರಡು ವರ್ಷದ ಹೆಂಗಸಿಗೆ ಮೊದಲಿನಿಂದ ಕಲಿಸುವವರನ್ನು ಬೇರೇನೆಂದು ಕರೆಯಲಿ.

ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿ ಮುಂದಿನ ವರ್ಷದ ಗಂಟೆ ಗೊತ್ತುಮಾಡುತ್ತಾರೆ. ಹಳೇ ಮೇಜು ಕುರ್ಚಿ ಮಾರಿ ಮೂವತ್ತೊಂದು ವರ್ಷದಲ್ಲಿ ಅಂಗಡಿ ಕಟ್ಟಿದವನು ನಾನು. ನೋಡಲು ಬರುವವರ ಮುಂದೆ ಸರಕನ್ನು ಹೇಗೆ ಇಡಬೇಕೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಧೂಳು ಒರೆಸು, ಕಿಟಕಿ ತೆರೆ, ಗೀರು ಬಿದ್ದ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸು. ಒಂದು ವಾರದಿಂದ ಅವಳಿಗೆ ತಾಲೀಮು ಕೊಟ್ಟಿದ್ದೇನೆ: ಇವತ್ತಿನ ತಾರೀಖು, ವಾರ, ಮನೆ ವಿಳಾಸ. ನೂರರಿಂದ ಏಳೇಳು ಕಳೆಯುತ್ತಾ ಬಾ ಎಂದರೆ ನನಗಿಂತ ಚುರುಕು. ಹೋದ ವರ್ಷ ಬಿದ್ದು ತಲೆಗೆ ಪೆಟ್ಟಾಗುವ ಮುಂಚೆ ಅಂಗಡಿಯ ಲೆಕ್ಕವೆಲ್ಲ ಅವಳದೇ ಆಗಿತ್ತು. ಮಾತು ಹೋದರೂ ಅಂಕಿ ಉಳಿದಿದೆ.

ಅಡುಗೆಮನೆಯ ಡಬ್ಬಿ, ಸ್ವಿಚ್ಚು, ಬಾಗಿಲ ಹಿಂಭಾಗ ಎಲ್ಲ ಕಡೆ ಮೇಷ್ಟ್ರಮ್ಮ ಹಳದಿ ಚೀಟಿ ಅಂಟಿಸಿದ್ದಾರೆ. 'ಗ್ಯಾಸ್ ಆರಿಸಿದೆಯಾ?' 'ಬೀಗದ ಕೈ ಇಲ್ಲಿ.' ಎಣಿಸಿದೆ, ಅರವತ್ತಮೂರು. ಎಲ್ಲ ಕಿತ್ತು ಡ್ರಾಯರಿಗೆ ಹಾಕಿದೆ. ಈಗ ಮನೆ ಮನೆಯ ಹಾಗೆ ಕಾಣುತ್ತದೆ.

"ಚೀಟಿ..." ಎಂದಳು.

"ಒಂದು ದಿನದ ಮಟ್ಟಿಗೆ ಕಣೆ. ಆಮೇಲೆ ಅಂಟಿಸೋಣ" ಎಂದೆ.

ಅವಳಿಗೆ ಒಂದು ಪದ ನಾಲಿಗೆಗೆ ಬರಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ನಾನು ಎರಡು ವಾಕ್ಯ ಮುಗಿಸಿರುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಮಾತಿಗೆ ಬರ ಇಲ್ಲ.

ಫೆಬ್ರವರಿ 5, ಬುಧವಾರ

ನಿನ್ನೆಯ ಕೆಲಸ ಹೂವೆತ್ತಿದ ಹಾಗೆ ಆಯಿತು.

ಮೌಲ್ಯಮಾಪಕಿ ಚಿಕ್ಕ ವಯಸ್ಸಿನವರು, ಕೈಯಲ್ಲಿ ಹದಿನಾಲ್ಕು ಪುಟದ ಫಾರಂ. ಕೂರಲು ಒಳ್ಳೆಯ ಕುರ್ಚಿಯನ್ನೇ ಕೊಟ್ಟೆ. ತಾರೀಖು ಕೇಳಿದರು, ಹೇಳಿದಳು. ಏಳೇಳು ಕಳೆಯಲು ಹೇಳಿದರು, ಎರಡರ ತನಕ ಇಳಿದು ನಿಂತಳು.

"ನಿನ್ನೆ ಏನೇನು ಮಾಡಿದ್ರಿ ಹೇಳಿ ಅಮ್ಮ."

"ನಿನ್ನೆ..."

"ಪಾರ್ಕಿಗೆ ಹೋಗಿದ್ವಿ ಮೇಡಂ. ದಾರಿ ತೋರಿಸಿದ್ದೇ ಇವಳು" ಎಂದೆ.

"ನಾನು ಅವರನ್ನ ಕೇಳಿದ್ದು ಸರ್."

"ಅವಳೂ ಅದನ್ನೇ ಹೇಳೋಳು. ನಾನು ಒಂಚೂರು ಮುಂಚೆ ಹೇಳಿದೆ, ಅಷ್ಟೇ."

ಅವರು ನಕ್ಕು ಗುರುತು ಹಾಕಿಕೊಂಡರು. ನಗಿಸಿದ ಗಿರಾಕಿ ಬರಿಗೈಯಲ್ಲಿ ಹೋಗುವುದಿಲ್ಲ. ಆಮೇಲೆ ಟೀ ಮಾಡಿ ತೋರಿಸಬೇಕಿತ್ತು. ಮಾಡಿದಳು. ಗ್ಯಾಸ್ ಆರಿಸಿದ್ದು ಪಕ್ಕದಲ್ಲಿ ನಿಂತಿದ್ದ ನನ್ನ ಮೊಣಕೈ. ಅದರ ಬಗ್ಗೆ ಫಾರಂನಲ್ಲಿ ಪ್ರಶ್ನೆ ಇರಲಿಲ್ಲ.

"ತುಂಬಾ ಚೆನ್ನಾಗಿ ಚೇತರಿಸಿಕೊಂಡಿದ್ದಾರೆ" ಎಂದು ಹೋಗುವಾಗ ಹೇಳಿದರು. ಗೇಟಿನ ತನಕ ಹೋಗಿ ಬೀಳ್ಕೊಟ್ಟು ಬಂದೆ.

ಅವಳು ಮಧ್ಯಾಹ್ನ ಹನ್ನೆರಡಕ್ಕೆ ಮಲಗಿದವಳು ಇವತ್ತು ಬೆಳಗ್ಗೆ ಏಳಕ್ಕೆ ಎದ್ದಳು. ಸುಸ್ತಾಗಿರಬೇಕು.

ಫೆಬ್ರವರಿ 21, ಶುಕ್ರವಾರ

ಪತ್ರ ಬಂದಿದೆ. ಅಂಕ ಎಪ್ಪತ್ತೆಂಟು. ಎಪ್ಪತ್ತು ದಾಟಿದವರಿಗೆ ವಾರಕ್ಕೆ ನಾಲ್ಕು ಗಂಟೆ, ಮಾರ್ಚ್ ಒಂದರಿಂದ ಜಾರಿ. ಇಪ್ಪತ್ತರಿಂದ ನಾಲ್ಕಕ್ಕೆ! ಪತ್ರವನ್ನು ಮಡಚಿ ಜೇಬಿಗಿಟ್ಟು ನಿಧಿಯ ಕಚೇರಿಗೆ ಹೋದೆ.

ಅಲ್ಲಿನ ಗುಮಾಸ್ತ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಮನುಷ್ಯ. ಮೇಜಿನ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಇಟ್ಟಿದ್ದರು. ಇಂಥದ್ದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.

"ಒಳ್ಳೇ ಸುದ್ದಿ ಅಲ್ವಾ ಯಜಮಾನ್ರೇ? ಪಾಸಾಗಿದ್ದಾರೆ."

"ಪಾಸಾದವರಿಗೆ ಬಹುಮಾನ ಕೊಡ್ತಾರೆ ಸ್ವಾಮಿ. ಕೈಯಲ್ಲಿರೋದನ್ನ ಕಿತ್ಕೊಳ್ತಾರಾ?"

"ಇಲ್ಲಿ ಪಾಸಾದ್ರೆ ಕಡಿಮೆ, ಫೇಲಾದ್ರೆ ಜಾಸ್ತಿ. ಹನ್ನೆರಡು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತಿದೀನಿ, ನನಗೂ ಇನ್ನೂ ಅಭ್ಯಾಸ ಆಗಿಲ್ಲ."

ಬೇರೆ ದಾರಿ ಕಾಣದೆ ಇದ್ದದ್ದನ್ನು ಹೇಳಿದೆ: ಚೀಟಿ, ಪಾರ್ಕು, ಮೊಣಕೈ. ಅವರು ಕನ್ನಡಕ ಕಳಚಿ ಎದೆಯ ಮೇಲೆ ಇಳಿಬಿಟ್ಟರು.

"ಅಂದ್ರೆ ಪರೀಕ್ಷೆ ಬರೆದದ್ದು ನೀವು."

"ಸಹಾಯ ಮಾಡಿದೆ."

"ಎಪ್ಪತ್ತೆಂಟು ನಿಮಗೆ ಬಂದಿರೋ ಅಂಕ. ಈ ವಯಸ್ಸಿಗೆ ಚೆನ್ನಾಗೇ ಬಂದಿದೆ."

ವಾರಕ್ಕೆ ಹದಿನೈದು ಗಂಟೆಗೆ ಮುಗಿಸೋಣ ಎಂದೆ. ಇದು ಸಂತೆಯಲ್ಲ ಎಂದರು. ಆಮೇಲೆ ಒಂದು ದಪ್ಪ ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ಕಾಯುತ್ತಿರುವವರ ಪಟ್ಟಿ, ಇನ್ನೂರ ಹನ್ನೊಂದು ಜನ. "ನಿಮ್ಮ ಮನೆಯಿಂದ ಬಿಟ್ಟ ಹದಿನಾರು ಗಂಟೆ ಗಾಳಿಗೆ ಹೋಗಲ್ಲ ಯಜಮಾನ್ರೇ. ಇವರಲ್ಲಿ ಯಾರಿಗೋ ಹೋಗುತ್ತೆ. ದಂಡ ಎಷ್ಟು ಬರುತ್ತೋ ಅಷ್ಟೇ ದುಡ್ಡು. ಜನ ನೆಟ್ಟಗೆ ಗಾಡಿ ಓಡಿಸಿದ ವರ್ಷ ನಮಗೆ ಕಷ್ಟ."

ಮೇಲ್ಮನವಿಗೆ ಅವಕಾಶ ಇದೆ. ಮೂವತ್ತು ದಿನದ ದಾಖಲೆ ಬರೆದು ತರಬೇಕು, ವಿಚಾರಣೆ ಮಾರ್ಚ್ 27ಕ್ಕೆ. ಫಾರಂ ಕೊಟ್ಟರು. ಮೂರು ಕಾಲಂ: ದಿನಾಂಕ, ಸಮಯ, ಆಗದ ಕೆಲಸ.

"ಏನಾಗುತ್ತೆ ಅನ್ನೋದು ಬೇಡ. ಏನಾಗಲ್ಲ ಅನ್ನೋದನ್ನ ಮಾತ್ರ ಬರೀರಿ" ಎಂದರು.

ಬದುಕಿನಲ್ಲಿ ಮೊದಲ ಸಲ ಸರಕಿನ ಗೀರನ್ನು ಬೀದಿಯ ಕಡೆಗೆ ತಿರುಗಿಸಬೇಕಾಗಿದೆ.

ಫೆಬ್ರವರಿ 26, ಬುಧವಾರ

ಫಾರಂ ತುಂಬುವುದು ಸುಲಭ. ಬೆಳಗ್ಗೆ 7.40, ಗ್ಯಾಸ್ ಆರಿಸಲಿಲ್ಲ. 8.15, ಬಾಚಣಿಗೆಯನ್ನು ಫ್ರಿಜ್ಜಿನಲ್ಲಿಟ್ಟಳು. 9.05, 'ಕಿಟಕಿ' ಎಂಬ ಪದ ಸಿಗದೆ ಕೈಯಲ್ಲಿ ಚೌಕ ಬರೆದು ತೋರಿಸಿದಳು. 9.30, ಅತ್ತಳು, ಕಾರಣ ಹೇಳಲಿಲ್ಲ.

ಅವಳ ಹಿಂದೆಯೇ ಪೆನ್ನು ಹಿಡಿದು ಓಡಾಡುತ್ತಿದ್ದೇನೆ.

"ಏನು... ಬರೀತಿದೀರ?"

"ಅಂಗಡಿ ಲೆಕ್ಕ ಕಣೆ."

ಅವಳು ನನ್ನನ್ನು ನೋಡಿದ ರೀತಿಯನ್ನು ಯಾವ ಕಾಲಂಗೆ ಹಾಕಬೇಕೋ ತಿಳಿಯಲಿಲ್ಲ.

ಮಾರ್ಚ್ 2, ಭಾನುವಾರ

ಓದಿಬಿಟ್ಟಳು.

ಸ್ನಾನ ಮುಗಿಸಿ ಬಂದಾಗ ಫಾರಂ ಮುಂದಿಟ್ಟುಕೊಂಡು ಕೂತಿದ್ದಳು. ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ಓದುತ್ತಾಳೆ. ಒಂದು ಪುಟಕ್ಕೆ ಹತ್ತು ನಿಮಿಷ. ಮೂರನೆಯ ಪುಟದಲ್ಲಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಸರ್ಕಾರದವರು ಹೇಳಿದ್ದು, ಹೀಗೆ ಬರೆಯದಿದ್ದರೆ ಗಂಟೆ ಸಿಗುವುದಿಲ್ಲ, ಇದರಲ್ಲಿ ನನ್ನದೇನೂ ಇಲ್ಲ, ಎಂದು ಐದು ನಿಮಿಷ ಒಂದೇ ಉಸಿರಿಗೆ ಹೇಳಿದೆ. ಅವಳು ಬೆರಳನ್ನು ಒಂದು ಸಾಲಿನ ಮೇಲೆ ಒತ್ತಿ ಹಿಡಿದು ಕಾಯುತ್ತಿದ್ದಳು. ನನ್ನ ಉಸಿರು ಮುಗಿಯಿತು.

"ಗುರುವಾರ... ಗ್ಯಾಸು... ಎರಡು ಸಲ. ನೀವು... ಒಂದು ಬರೆದಿದೀರ."

ಗುರುವಾರದ ಸಾಲು ನೋಡಿದೆ, ಒಂದೇ ಇತ್ತು.

"ಎರಡನೇದು..." ಮತ್ತೆ ಬಹಳ ಹೊತ್ತು. "ನಾನೇ... ನೋಡಿ... ಆರಿಸಿದೆ. ಅದು... ಎಲ್ಲಿ?"

ಆ ಕಾಲಂ ಫಾರಂನಲ್ಲಿ ಇಲ್ಲ ಎಂದೆ. ಅವಳು ಎದ್ದು ಡ್ರಾಯರಿನಿಂದ ಸ್ಕೇಲು ತಂದಳು. ಎಡಗೈ ನಡುಗುತ್ತದೆ, ಸ್ಕೇಲು ಜಾರುತ್ತದೆ. ಮೂರನೇ ಸಲಕ್ಕೆ ಪುಟದ ಬಲಗಡೆ ನೆಟ್ಟಗೆ ಒಂದು ಗೆರೆ ಎಳೆದಳು. ನಾಲ್ಕನೆಯ ಕಾಲಂ. ಅಂಗಡಿಯ ಲೆಕ್ಕ ಬರೆಯುವಾಗಲೂ ಹೀಗೆಯೇ. ಖರ್ಚು ಮಾತ್ರ ಬರೆದು ತಂದ ಚೀಟಿಯನ್ನು ನನ್ನ ಮುಖಕ್ಕೆ ಹಿಡಿದು ಜಮಾ ಎಲ್ಲಿ ಎನ್ನುತ್ತಿದ್ದಳು.

ಡ್ರಾಯರ್ ತೆರೆದವಳ ಕೈಗೆ ಹಳದಿ ಚೀಟಿಗಳೂ ಸಿಕ್ಕವು. ಒಂದು ತಿಂಗಳಿಂದ ಅಲ್ಲೇ ಇದ್ದವು. ನಾನು ಮರೆತಿದ್ದೆ. ಇದನ್ನೂ ಬರೆದಿಡಬೇಕಾದದ್ದೇ: ಮರೆತದ್ದು ನಾನು.

ಮಾರ್ಚ್ 4, ಮಂಗಳವಾರ

ಈಗ ಮೇಷ್ಟ್ರಮ್ಮ ಬರುವುದು ವಾರಕ್ಕೊಂದೇ ದಿನ. ಹೋದ ತಿಂಗಳು ಅವರು ರಜೆಯಲ್ಲಿದ್ದರು, ಬದಲಿಗೆ ಬರುತ್ತಿದ್ದವರಿಗೆ ಚೀಟಿಯ ವಿಷಯ ಗೊತ್ತಿರಲಿಲ್ಲ. ಇವತ್ತು ಬಂದವರು ಗೋಡೆಗಳನ್ನು ನೋಡಿ, ನನ್ನನ್ನು ನೋಡಿದರು.

"ಅವತ್ತು ಚೀಟಿ ಕಿತ್ತದ್ದು ಯಾರು?"

"ನಾನೇ."

"ಅವರ ಪರವಾಗಿ ಉತ್ತರ ಕೊಟ್ಟದ್ದು?"

"ಅದೂ ನಾನೇ. ಇನ್ನೇನು, ನೇಣು ಹಾಕ್ಕೊಳ್ಲಾ?"

"ಅದಕ್ಕೂ ಒಂದು ಭಾಷಣ ಮಾಡ್ತೀರ ನೀವು" ಎಂದರು. ಹೆಂಡತಿ ನಕ್ಕಳು. ಸದ್ದು ಬರುವ ಹಾಗೆ. ಆ ಸದ್ದು ಕೇಳಿ ಎಷ್ಟು ತಿಂಗಳಾಯಿತೋ.

ಆಮೇಲೆ ಮೇಷ್ಟ್ರಮ್ಮ ಗಂಭೀರವಾಗಿಯೇ ಹೇಳಿದರು: "ಅವರಿಗೆ ಮಾತು ಬರಲ್ಲ ಅಂತಲ್ಲ ಯಜಮಾನ್ರೇ. ಬರೋ ದಾರಿಯಲ್ಲಿ ನೀವು ಗಾಡಿ ನಿಲ್ಲಿಸ್ಕೊಂಡಿರ್ತೀರ. ಅವರು ಶುರು ಮಾಡಿದ ಮೇಲೆ ಮನಸ್ಸಲ್ಲೇ ಮೂವತ್ತು ಎಣಿಸಿ. ಆಮೇಲೆ ಬೇಕಾದ್ರೆ ಬಾಯಿ ತೆಗೀರಿ."

ಮೂವತ್ತು ತಾನೇ, ಮೂವತ್ತು ಸಾವಿರ ಎಣಿಸಿದವನು ನಾನು ಎಂದೆ. ಸಂಜೆ ಪ್ರಯತ್ನಪಟ್ಟೆ. ಒಂಬತ್ತಕ್ಕೆ ನಾಲಿಗೆ ಜಾರಿತು.

ಮಾರ್ಚ್ 6, ಗುರುವಾರ

ಮೇಷ್ಟ್ರಮ್ಮ ಇಲ್ಲದ ದಿನ ಅವಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ. ಅಂಗಡಿಗೆ ಕರೆದುಕೊಂಡು ಬರುತ್ತಿದ್ದೇನೆ. ಬಿದ್ದ ಮೇಲೆ ಅಂಗಡಿಗೆ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಅಟ್ಟದ ಕಡೆಗೆ. ಅಲ್ಲಿ ಇಪ್ಪತ್ತಾರು ಕುರ್ಚಿ, ನಾಲ್ಕು ಟೀಪಾಯಿ ಹದಿನಾಲ್ಕು ತಿಂಗಳಿಂದ ಹಾಗೇ ಇವೆ. ಏಣಿಯನ್ನು ಹಿಂದಿನ ಕೋಣೆಯಲ್ಲಿ ಹಗ್ಗ ಸುತ್ತಿ ಇಟ್ಟಿದ್ದೇನೆ. ನಾನು ಗಿರಾಕಿ ಬಂದರು ಎಂದು ಆಚೆ ಹೋದೆ.

ಬಂದವರು ಹೊಸದಾಗಿ ಮದುವೆಯಾದ ಜೋಡಿ. ಊಟದ ಮೇಜು ಬೇಕಿತ್ತು. ಅರ್ಧ ಗಂಟೆ ಹದ ಮಾಡಿ, ಇನ್ನೇನು ದುಡ್ಡು ತೆಗೆಯಬೇಕು, ಆಗ ಹಿಂದಿನಿಂದ ದನಿ ಬಂತು.

"ಅದರ... ಕಾಲು... ಅಲ್ಲಾಡುತ್ತೆ."

ಅಲ್ಲಾಡುವುದು ನಿಜ. ಜೋಡಿ ಥ್ಯಾಂಕ್ಸ್ ಹೇಳಿ ಹೊರಟುಹೋಯಿತು. ಪಾಲಿಶ್ ತಾತ ಬ್ರಷ್ಷು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಂಗಡಿ ಇಟ್ಟ ವರ್ಷದಿಂದ ಇಲ್ಲಿರುವ ಮನುಷ್ಯ, ಬೈದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

"ಮೊದಲಾದ್ರೆ ಅಮ್ಮಾವ್ರು ಕಣ್ಣಲ್ಲೇ ಹೇಳೋರು, ಗಿರಾಕಿ ಹೋದ ಮೇಲೆ. ಈಗ ನೇರ ವ್ಯವಹಾರ" ಎಂದರು.

ನಷ್ಟ: ಒಂದು ಮೇಜು. ಫಾರಂನಲ್ಲಿ ಇದನ್ನು ಯಾವ ಕಡೆ ಹಾಕಲಿ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಯೋಚಿಸಿ ನಾಲ್ಕನೆಯ ಕಾಲಂ ಮೇಲೆ ಬೆರಳಿಟ್ಟಳು.

ಮಾರ್ಚ್ 9, ಭಾನುವಾರ

ಹದಿನೇಳರ ತನಕ ಎಣಿಸಿದೆ.

ಮಾರ್ಚ್ 13, ಗುರುವಾರ

ಮೇಷ್ಟ್ರಮ್ಮನ ಲೆಕ್ಕದ ಪ್ರಕಾರ ಈ ತಿಂಗಳು ಅವಳು ಬಸ್ಸಿನಲ್ಲಿ ಒಬ್ಬಳೇ ಹೋಗುವುದನ್ನು ಕಲಿಯಬೇಕಿತ್ತು. ನಾಲ್ಕು ಗಂಟೆಯಲ್ಲಿ ಅದು ಆಗುವುದಿಲ್ಲ. ಹಾಗಾಗಿ ನಾನೇ ಶುರು ಮಾಡಿದೆ. ನಿಯಮ ಒಂದೇ: ಅವಳು ಮುಂದಿನ ಬಾಗಿಲಲ್ಲಿ ಹತ್ತುವುದು, ನಾನು ಹಿಂದಿನ ಬಾಗಿಲಲ್ಲಿ ಹತ್ತಿ ಅಪರಿಚಿತನ ಹಾಗೆ ಕೂರುವುದು.

ಅಂಗಡಿಯ ಸ್ಟಾಪು ಬಂತು. ಅವಳು ಏಳಲಿಲ್ಲ. ಬಸ್ಸು ಹೊರಟಿತು. ಗಂಟಲ ತನಕ ಬಂದ ಮಾತನ್ನು ನುಂಗಿದೆ. ಮುಂದಿನ ಸ್ಟಾಪಿನಲ್ಲಿ ಇಳಿದಳು, ಸುತ್ತ ನೋಡಿದಳು, ಪುಸ್ತಕ ತೆಗೆದು ಓದಿದಳು. ತಪ್ಪು ದಿಕ್ಕಿಗೆ ನಡೆದಳು. ಔಷಧಿ ಅಂಗಡಿಯ ಮುಂದೆ ನಿಂತಳು. ಒಳಗೆ ಹೋಗಿ ಯಾರನ್ನೋ ಏನೋ ಕೇಳಿದಳು. ಅವರು ಕಾದರು, ಪಾಪ, ಒಳ್ಳೆಯವರು. ತಿರುಗಿ ಬಂದಳು. ನಾನು ಕಂಬದ ಹಿಂದೆ ಕಳ್ಳನ ಹಾಗೆ ನಿಂತಿದ್ದೆ. ನನ್ನ ಪಕ್ಕದಲ್ಲೇ ಹಾದುಹೋಗುತ್ತಾ, ಮುಖ ತಿರುಗಿಸದೆ ಹೇಳಿದಳು:

"ಹೊಟ್ಟೆ... ಕಾಣ್ತಿದೆ."

ನಡೆದು ಅಂಗಡಿ ತಲುಪಿದಳು. ಐದು ನಿಮಿಷದ ದಾರಿ, ನಲವತ್ತೆರಡು ನಿಮಿಷ.

ಮೂರನೇ ಕಾಲಂ: ಸ್ಟಾಪು ತಪ್ಪಿದಳು. ನಾಲ್ಕನೇ ಕಾಲಂ: ಬಂದಳು.

ಇನ್ನೊಂದು. ಹೋದ ವಾರದ ಆ ಜೋಡಿ ವಾಪಸ್ಸು ಬಂದು "ಆ ಅಮ್ಮ ಇದಾರಾ?" ಎಂದು ಕೇಳಿತು. ಯಾವುದು ಗಟ್ಟಿ ಎಂದು ಅವಳನ್ನು ಕೇಳಿ, ಅವಳು ತೋರಿಸಿದ್ದನ್ನು ಚೌಕಾಸಿ ಮಾಡದೆ ಕೊಂಡರು.

ಮಾರ್ಚ್ 17, ಸೋಮವಾರ

ಮಧ್ಯಾಹ್ನ ಗಿರಾಕಿ ಇರಲಿಲ್ಲ. ತಾತ ಊಟಕ್ಕೆ ಹೋಗಿದ್ದರು. ಅವಳು ಅಟ್ಟದ ಕಡೆ ನೋಡುತ್ತಾ ಕೂತಿದ್ದವಳು ಕೇಳಿದಳು.

"ಏಣಿ... ಅವತ್ತು... ಯಾರು... ಹಿಡಿದಿದ್ರು?"

ಇದಕ್ಕೆ ಉತ್ತರವನ್ನು ನಾನು ಹದಿನಾಲ್ಕು ತಿಂಗಳಿಂದ ಸಿದ್ಧಪಡಿಸಿಟ್ಟಿದ್ದೆ. ನೆಲ ಜಾರುತ್ತಿತ್ತು, ಏಣಿ ಹಳೆಯದು, ನೀನೇ ಹತ್ತುತ್ತೇನೆ ಎಂದೆ, ಹೀಗೆ ಹತ್ತು ಬಗೆ. ಒಂದೊಂದಕ್ಕೂ ಪಾಲಿಶ್ ಹಾಕಿತ್ತು. ಆದರೆ ಎಣಿಸುವ ಅಭ್ಯಾಸ ಬಿದ್ದುಬಿಟ್ಟಿದೆ. ಎಣಿಸಿದೆ. ಮೂವತ್ತು ದಾಟಿತು.

"ಯಾರೂ ಹಿಡಿದಿರಲಿಲ್ಲ" ಎಂದೆ. "ನಾನು ಹಿಡಿಬೇಕಿತ್ತು. ಗಿರಾಕಿ ಹತ್ರ ಮಾತಾಡ್ತಾ ಇದ್ದೆ."

"ಗೊತ್ತು."

ಅವಳು ಮತ್ತೆ ಅಟ್ಟದ ಕಡೆ ನೋಡಿದಳು.

"ಅವತ್ತು... ಇಳಿಸ್ತಿದ್ದ ಕುರ್ಚಿ..." ಎಂದಳು. "ಎಷ್ಟಕ್ಕೆ... ಹೋಯ್ತು?"

ನೀನು ಆಸ್ಪತ್ರೆಯಲ್ಲಿದ್ದಾಗ ಅದೇ ಗಿರಾಕಿ ಬಂದು ಸಾವಿರದ ಎಂಟುನೂರಕ್ಕೆ ತೊಗೊಂಡ ಎಂದೆ.

ಅವಳು ತಲೆ ಆಡಿಸಿದಳು. "ಕಡಿಮೆ... ಆಯ್ತು."

ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಏಣಿಯ ಪಕ್ಕ ನಿಂತಿದ್ದು ಬಂದೆ. ಬಂದಾಗ ಅವಳು ಕೌಂಟರಿನ ಮೇಲೆ ನನ್ನ ಟೀ ಇಟ್ಟು, ಆರದಿರಲಿ ಎಂದು ತಟ್ಟೆ ಮುಚ್ಚಿದ್ದಳು.

ಮಾರ್ಚ್ 22, ಶನಿವಾರ

ಚೀಟಿಗಳನ್ನು ಕೊನೆಗೂ ಅಂಟಿಸಿದೆವು. ಅರವತ್ತಮೂರು ಬೇಡ ಎಂದಳು. ಇಪ್ಪತ್ತೊಂಬತ್ತು ಸಾಕಂತೆ. ಬೇಡವಾದದ್ದರಲ್ಲಿ ಒಂದರ ಹಿಂದೆ ಅವಳೇ ಏನೋ ಬರೆದು ನನ್ನ ಕನ್ನಡಿಗೆ ಅಂಟಿಸಿದಳು. '30'.

ಪಾಲಿಶ್ ತಾತ: "ಅಂಗಡಿಯಲ್ಲಿ ಕರೆಂಟು ಹೋದ ಹಾಗಿದೆ ಯಜಮಾನ್ರೇ. ಏನು, ಗಂಟಲು ನೋವಾ?"

ಇಲ್ಲವಲ್ಲ, ಎಂದಿನಂತೆಯೇ ಇದ್ದೇನೆ ಎಂದೆ. ಈ ಮುದುಕನಿಗೆ ಕಿವಿ ಮಂದವಾಗುತ್ತಿರಬೇಕು.

ಮಾರ್ಚ್ 27, ಗುರುವಾರ

ವಿಚಾರಣೆ ಹನ್ನೊಂದಕ್ಕೆ ಎಂದಿದ್ದರು, ಒಳಗೆ ಕರೆದದ್ದು ಹನ್ನೆರಡೂವರೆಗೆ. ಹೊರಗಿನ ಮೊಗಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಲಾರಿ ಡ್ರೈವರ್ ಇದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಪಟ್ಟಿಗೆ ಸೇರಿ ಹತ್ತು ತಿಂಗಳಾಯಿತಂತೆ. ಹಾಸಿಗೆಯಿಂದ ಎತ್ತಿ ಕೂರಿಸುವುದಕ್ಕೆ ಅಕ್ಕ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ.

"ಈ ನಿಧಿಯಲ್ಲಿ ಕಾಲು ಭಾಗ ನನ್ನದೇ ಇರ್ಬೇಕು ಸಾರ್" ಎಂದ. "ಇಪ್ಪತ್ತು ವರ್ಷ ದಂಡ ಕಟ್ಟಿದೀನಿ. ಠೇವಣಿ ವಾಪಸ್ ಕೇಳೋಕೆ ಬಂದೆ ಅಂತ ಹೇಳಿದ್ರೆ ಗುಮಾಸ್ತರು ನಗ್ತಾರೆ, ಸಹಿ ಹಾಕಲ್ಲ."

ವಾರಕ್ಕೆ ಒಂದಾರು ಗಂಟೆ ಯಾರಾದರೂ ಬಂದರೂ ಅಕ್ಕ ಮತ್ತೆ ಕೆಲಸಕ್ಕೆ ಹೋಗುತ್ತಾಳೆ ಎಂದ. ನಾನು ಇವನ ಗಿರಾಕಿಯನ್ನು ಕಿತ್ತುಕೊಳ್ಳಲು ಎದುರು ಅಂಗಡಿ ಇಟ್ಟವನ ಹಾಗೆ ಮುದುಡಿ ಕೂತಿದ್ದೆ. ಹೆಂಡತಿ ತನ್ನ ಪುಸ್ತಕದಲ್ಲಿ ಏನೋ ಕೂಡಿಸುತ್ತಿದ್ದಳು. ಮೂರು ದಿನದಿಂದ ಅದೇ ಪುಟ, ನನಗೆ ತೋರಿಸಿರಲಿಲ್ಲ.

ಒಳಗೆ ಮೂವರು. ನಡುವೆ ಅಧ್ಯಕ್ಷೆ, ಒಂದು ಪಕ್ಕ ಡಾಕ್ಟರು, ಇನ್ನೊಂದು ಪಕ್ಕ ಅಂದು ಮನೆಗೆ ಬಂದಿದ್ದ ಮೌಲ್ಯಮಾಪಕಿ. ಗುಮಾಸ್ತರು ಫೈಲು ಹಿಡಿದು ಗೋಡೆಗೆ ಒರಗಿದ್ದರು. ಅಧ್ಯಕ್ಷೆ ನಮ್ಮ ಫಾರಂ ತಿರುವಿದರು.

"ಇದರಲ್ಲಿ ನಾಲ್ಕು ಕಾಲಂ ಇದೆಯಲ್ಲ. ನಾವು ಕೊಟ್ಟದ್ದು ಮೂರು."

ನಾನು ಬಾಯಿ ತೆರೆದೆ. ಮೊಣಕಾಲ ಮೇಲೆ ಅವಳ ಕೈ ಬಂತು. ಮುಚ್ಚಿದೆ.

ಎಣಿಸಿದೆ. ಇಪ್ಪತ್ತಕ್ಕೆ ಡಾಕ್ಟರು ಪೆನ್ನು ತಿರುಗಿಸಿದರು. ಮೂವತ್ತಕ್ಕೆ ಮೌಲ್ಯಮಾಪಕಿ ನನ್ನ ಕಡೆ ನೋಡಿದರು, ಇನ್ನು ನೀವು ಹೇಳಿ ಎನ್ನುವ ಹಾಗೆ. ನೆಲ ನೋಡಿದೆ. ನಲವತ್ತಮೂರು.

"ಮೂರು... ತಪ್ಪು ಲೆಕ್ಕ" ಎಂದಳು.

ನನ್ನ ಕಡೆ ಬೆರಳು ತೋರಿಸಿದಳು.

"ಅವತ್ತು... ಚೀಟಿ... ಕಿತ್ತಿದ್ರು. ಇವರು... ಅಂಗಡಿಯವರು. ಗೀರು... ಗೋಡೆ ಕಡೆ ಇಡ್ತಾರೆ." ಮೌಲ್ಯಮಾಪಕಿಯನ್ನು ನೋಡಿದಳು. "ನಿಮ್ಮ ತಪ್ಪಲ್ಲ. ನನಗೂ... ಹಾಗೇ... ಮಾರಿದ್ರು." ಡಾಕ್ಟರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಮೂವತ್ತು ವರ್ಷದ ಹಿಂದೆ ನನ್ನನ್ನು ನಾನೇ ಅವಳ ಮನೆಯವರ ಮುಂದೆ ಹೇಗೆ ಇಟ್ಟಿದ್ದೆನೋ, ಅದನ್ನು ಸರ್ಕಾರಿ ಕಡತಕ್ಕೆ ಸೇರಿಸಿಬಿಟ್ಟಳು.

ಆಮೇಲೆ ಪುಸ್ತಕ ತೆರೆದು ಓದಿದಳು. ಅಂಕಿಗಳು ಸರಾಗವಾಗಿ ಬಂದವು. ನಡುವಿನ ಪದಗಳೇ ಕಷ್ಟ. ಬಸ್ಸಿಗೆ ನಾಲ್ಕು ಗಂಟೆ. ಗ್ಯಾಸು, ಅಡುಗೆಮನೆಗೆ ನಾಲ್ಕು. ಓದು ಬರಹ ಮಾತಿಗೆ ನಾಲ್ಕು. ಒಟ್ಟು ಹನ್ನೆರಡು.

"ಮೊದಲಿದ್ದದ್ದು ಇಪ್ಪತ್ತು" ಎಂದರು ಅಧ್ಯಕ್ಷೆ. "ನೀವು ಕೇಳ್ತಿರೋದು ಹನ್ನೆರಡಾ?"

"ಎಂಟು ಗಂಟೆ... ನಾನು ನಿದ್ದೆ ಮಾಡ್ತಿದ್ದೆ. ನಿದ್ದೆಗೆ... ಮೇಷ್ಟ್ರು ಬೇಡ." ಬಾಗಿಲ ಕಡೆ ಕೈ ತೋರಿಸಿದಳು. "ಆ ಎಂಟು... ಹೊರಗೆ ಕೂತಿದೆ."

ನನ್ನ ವ್ಯಾಪಾರದ ಬದುಕಿನಲ್ಲಿ ತನ್ನ ಬೇಡಿಕೆಯನ್ನು ತಾನೇ ಇಳಿಸಿದವರನ್ನು ನೋಡಿಲ್ಲ. ಇಪ್ಪತ್ತು ಕೇಳು, ಆಗ ಹನ್ನೆರಡಕ್ಕೆ ಇಳಿಯುತ್ತಾರೆ ಎಂದು ನನ್ನೊಳಗಿನ ವ್ಯಾಪಾರಿ ಕಿರುಚುತ್ತಿದ್ದ. ಕಿರುಚಲಿ ಎಂದು ಬಿಟ್ಟೆ.

ಅಧ್ಯಕ್ಷೆ ಗುಮಾಸ್ತರ ಕಡೆ ತಿರುಗಿದರು. ನಿಯಮದಲ್ಲಿ ನಾಲ್ಕು, ಹತ್ತು, ಇಪ್ಪತ್ತು ಎಂದು ಮೂರೇ ಹಂತ, ಹನ್ನೆರಡು ಇಲ್ಲ. ಗುಮಾಸ್ತರು ಕನ್ನಡಕ ಏರಿಸಿಕೊಂಡು ಹೇಳಿದರು: "ಸಮಿತಿಯ ವಿವೇಚನೆ ಅಂತ ಒಂದು ಕಲಂ ಇದೆ ಮೇಡಂ, ಕೊನೇ ಪುಟದಲ್ಲಿ. ಇದುವರೆಗೆ ಯಾರೂ ಬಳಸಿಲ್ಲ. ಯಾರೂ ಇಷ್ಟು ಸರಿಯಾಗಿ ಕೇಳೇ ಇಲ್ಲ."

ತೀರ್ಮಾನ ಅಂಚೆಯಲ್ಲಿ ಬರುತ್ತದಂತೆ. ಹೊರಗೆ ಬಂದಾಗ ಲಾರಿಯವನು ಏನಾಯಿತು ಎಂದು ಹುಬ್ಬು ಹಾರಿಸಿದ. ಉತ್ತರ ನಾನು ಕೊಡಬೇಕೋ ಅವಳೋ ಎಂದು ನಿಂತೆ. ಅವಳೇ ಹೇಳಿದಳು, ನಿಧಾನವಾಗಿ. ಅವನಿಗೆ ಆತುರವೇನೂ ಇರಲಿಲ್ಲ.

ಏಪ್ರಿಲ್ 10, ಗುರುವಾರ

ಆದೇಶ ಬಂತು. ವಾರಕ್ಕೆ ಹನ್ನೆರಡು ಗಂಟೆ, ಒಂದು ವರ್ಷಕ್ಕೆ. ಷರತ್ತು ಒಂದು: 'ಮುಂದಿನ ಮೌಲ್ಯಮಾಪನದ ವೇಳೆ ಪತಿಯವರು ಬೇರೆ ಕೋಣೆಯಲ್ಲಿ ಇರತಕ್ಕದ್ದು.' ಆ ಸಾಲಿನ ಕೆಳಗೆ ಅವಳು ಸ್ಕೇಲಿಟ್ಟು ಗೆರೆ ಎಳೆದಿದ್ದಾಳೆ.

ಲಾರಿಯವನ ವಿಷಯ ಕೇಳಲು ಗುಮಾಸ್ತರಿಗೆ ಫೋನು ಮಾಡಿದೆ. ಅವನಿಗಿಂತ ಮೇಲೆ ಇನ್ನೂ ಹದಿನಾಲ್ಕು ಜನ ಇದ್ದಾರಂತೆ. ಹತ್ತು ತಿಂಗಳ ಹಿಂದೆ ನೂರ ಐವತ್ತಿತ್ತಂತೆ. ನಿಮ್ಮ ಮೇಜಿನ ಕಾಲನ್ನು ಬಂದು ಸರಿಮಾಡಿಕೊಡುತ್ತೇನೆ ಎಂದೆ. ಲಂಚ ಆಗುತ್ತದೆ, ರಟ್ಟೇ ಇರಲಿ ಎಂದರು.

ಏಪ್ರಿಲ್ 16, ಬುಧವಾರ

ಅವಳು ಒಬ್ಬಳೇ ಬಸ್ಸಿನಲ್ಲಿ ಬಂದಳು. ಮೇಷ್ಟ್ರಮ್ಮ ಹಿಂದಿನ ಬಾಗಿಲಿನ 'ಅಪರಿಚಿತ'ರಾಗಿದ್ದರಂತೆ. ಅವರ ಹೊಟ್ಟೆ ಕಾಣುವುದಿಲ್ಲ.

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಒಂದೇ ಬಗೆಯ ಆರು ಕುರ್ಚಿ ಕೇಳಿದರು. ಕೆಳಗೆ ನಾಲ್ಕೇ ಇದ್ದವು. ಮಿಕ್ಕ ಎರಡು ಅಟ್ಟದ ಮೇಲೆ. ನಾನು ಇಲ್ಲ ಎಂದು ಹೇಳುವುದರಲ್ಲಿದ್ದೆ. ಹೆಂಡತಿ ಹಿಂದಿನ ಕೋಣೆಗೆ ಹೋಗಿ ಏಣಿಯ ಹಗ್ಗ ಬಿಚ್ಚತೊಡಗಿದಳು. ತಾತ ಓಡಿ ಬಂದು ಹೊತ್ತು ತಂದರು. ಗೋಡೆಗೆ ಒರಗಿಸಿದೆವು. ನಾನು ಹತ್ತಿದೆ. ಅವಳು ಎರಡೂ ಕೈಯಲ್ಲಿ ಏಣಿ ಹಿಡಿದಳು. ನಡುಗುವ ಎಡಗೈಯ ಮೇಲೆ ಮೈಭಾರ ಹಾಕಿ.

ನಾನು ಮೇಲಿನ ಮೆಟ್ಟಿಲಲ್ಲಿ ಧೂಳು ಒರೆಸಿ ಕುರ್ಚಿ ಎಳೆದುಕೊಳ್ಳುವಾಗ ಗಿರಾಕಿ ಕೆಳಗಿನಿಂದ ಕೂಗಿದರು: "ಆರಕ್ಕೂ ಸೇರಿ ಎಷ್ಟಾಗುತ್ತೆ?"

ಬೆಲೆ ನಾಲಿಗೆಯ ತುದಿಯಲ್ಲಿತ್ತು. ಕುರ್ಚಿಯನ್ನು ಎದೆಗೆ ಅವಚಿಕೊಂಡು ಹಾಗೇ ನಿಂತೆ.

"ಒಂದರ... ಬೆನ್ನಿಗೆ... ಗೀರಿದೆ" ಎಂದಳು ಅವಳು, ಏಣಿಯಿಂದ ಕಣ್ಣು ತೆಗೆಯದೆ. ಗಿರಾಕಿ ಕಾದರು. ನಾನೂ ಕಾದೆ, ಕಾಲು ಸ್ವಲ್ಪ ನೋಯುತ್ತಿತ್ತು. ಆಮೇಲೆ ಬೆಲೆ ಹೇಳಿದಳು. ನಾನು ಹೇಳಬೇಕೆಂದಿದ್ದಕ್ಕಿಂತ ಎಂಟುನೂರು ಹೆಚ್ಚು.

ಗಿರಾಕಿ ಒಪ್ಪಿದರು.

"ಈಗ... ಇಳೀರಿ" ಎಂದಳು.